ಓದದ ಸಂದೇಶಕ್ಕೆ ಒಂದೇ ಕೀಲಿ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳ ಕಂಪ್ಯೂಟರ್ ಪಾಠದ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವನ್ನು ಎರಡು ಸಲ ಓದಿದೆ. ಯಂತ್ರಗಳು ಬಂದಷ್ಟು ಬೇಗ ಪಾಠ ಬರಲಿಲ್ಲವೆಂಬ ಅದರ ದೂರು ನಮ್ಮ ಉತ್ತರ ಕನ್ನಡದ ಮಟ್ಟಿಗೂ ನಿಜವಾದದ್ದೇ. ಆದರೆ ಕೀಲಿಮಣೆಯ ಆಜ್ಞೆಗಳಿಂದ ಸಂದೇಶಗಳ ಪಟ್ಟಿಯಲ್ಲಿ ಓಡಾಡುವುದು ಕಪ್ಪು ಪರದೆಯ ಕಾಲದ ಪದ್ಧತಿ, ಇಂದಿನ ಮಕ್ಕಳಿಗೆ ಅದರಿಂದ ಏನೂ ಆಗಬೇಕಾದದ್ದಿಲ್ಲ ಎಂದು ಲೇಖಕರು ನಡುವೆ ಒಂದು ಮಾತು ಹೇಳಿ ಮುಂದಕ್ಕೆ ಹೋಗಿದ್ದಾರೆ. ಆ ಒಂದು ಮಾತನ್ನು ಹಾಗೆಯೇ ಬಿಡಲು ನನಗೆ ಮನಸ್ಸಾಗಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅದೇ ಪದ್ಧತಿಯಲ್ಲಿ ದಿನನಿತ್ಯ ಓದಿಕೊಂಡು ಬಂದವನಾಗಿ, ಅದರಲ್ಲಿ ಮಕ್ಕಳಿಗೆ ಕಲಿಸಬೇಕಾದದ್ದು ಇದೆಯೆಂದೂ, ಕಣ್ಣು ಕಾಣದವರ ಪಾಲಿಗಂತೂ ಅದಿಲ್ಲದಿದ್ದರೆ ಕಂಪ್ಯೂಟರೇ ಇಲ್ಲವೆಂದೂ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಸ್ಥಳವಿದ್ದಷ್ಟನ್ನು ಪ್ರಕಟಿಸಿದರೆ ಸಾಕು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಸೌಲಭ್ಯ ತೆರೆದಾಗ ನಾನು ಮುಂಬಯಿಯಲ್ಲಿ ನೌಕರಿಯಲ್ಲಿದ್ದೆ. ಮರುವರ್ಷ ನಾವು ಮೂರು ಮಂದಿ ಸಹೋದ್ಯೋಗಿಗಳು ಸೇರಿ ಅಕ್ಷರ ಮಾತ್ರ ಕಾಣಿಸುವ, ಚಿತ್ರವಿಲ್ಲದ ಖಾತೆಯೊಂದನ್ನು ಪಡೆದೆವು. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ಮಿನ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಅಕ್ಷರಕ್ಕೆ ಹಿಂದುಮುಂದಿನ ಗುರುತು ಸೇರಿ ಹತ್ತು ಬಿಟ್ ಬೇಕಾದ್ದರಿಂದ ಸೆಕೆಂಡಿಗೆ 960 ಅಕ್ಷರ ಬರುತ್ತಿತ್ತು. 80 ಅಕ್ಷರ ಅಗಲದ, 24 ಸಾಲು ಎತ್ತರದ ಪರದೆಯಲ್ಲಿ 1,920 ಅಕ್ಷರಗಳ ಜಾಗ; ಅಂದರೆ ಒಂದು ಪರದೆ ತುಂಬಲು ಎರಡು ಸೆಕೆಂಡು. ಖಾತೆಗೆ ಗಂಟೆಗಳ ಲೆಕ್ಕ, ಫೋನಿಗೆ ಬೇರೆ ಲೆಕ್ಕ. ಇಂಥ ಸ್ಥಿತಿಯಲ್ಲಿ ಇನ್ನೂರು ಸಂದೇಶಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎಳೆಯುತ್ತ ಕುಳಿತರೆ ದುಡ್ಡೂ ಹೋಗುತ್ತಿತ್ತು, ಹೊತ್ತೂ ಹೋಗುತ್ತಿತ್ತು. ಬೇಕಾದ ಸಂದೇಶಕ್ಕೆ ಒಂದೇ ಕೀಲಿಯಲ್ಲಿ ಹೋಗುವುದನ್ನು ನಾವು ಕಲಿತದ್ದು ಶೋಕಿಗಾಗಿ ಅಲ್ಲ.

ನಾವು ಓದುತ್ತಿದ್ದದ್ದು ಯೂಸ್‌ನೆಟ್ ಎಂಬ ಸುದ್ದಿಗುಂಪುಗಳ ಜಾಲವನ್ನು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆದ ಆಲೋಚನೆ ಅದು. ಮರುವರ್ಷ ಚಾಲ್ತಿಗೆ ಬಂತು. ಒಂದು ಯಂತ್ರ ಇನ್ನೊಂದಕ್ಕೆ ದೂರವಾಣಿ ತಂತಿಯ ಮೂಲಕ ಸಂದೇಶಗಳನ್ನು ದಾಟಿಸುತ್ತ ಹೋಗುವ ಏರ್ಪಾಡಿನಿಂದ ಶುರುವಾಗಿ, 1986ರ ಹೊತ್ತಿಗೆ ಸರ್ವರಿನಿಂದ (ಸಂದೇಶಗಳನ್ನು ಕೂಡಿಟ್ಟು ಹಂಚುವ ಯಂತ್ರದಿಂದ) ನೇರವಾಗಿ ಓದುವ ನಿಯಮಾವಳಿಯೂ ರೂಪುಗೊಂಡಿತು. ಪ್ರತಿ ವಿಷಯಕ್ಕೂ ಒಂದು ಗುಂಪು. ಕರ್ನಾಟಕದ ಹೆಸರಿನಲ್ಲೂ ಒಂದಿತ್ತು, ಅಲ್ಲಿ ಹೊರದೇಶದ ಕನ್ನಡಿಗರು ರೋಮನ್ ಲಿಪಿಯಲ್ಲಿ ಕನ್ನಡ ಬರೆಯುತ್ತಿದ್ದರು. ಗುಂಪಿಗೆ ಬಂದ ಒಂದೊಂದು ಬರಹಕ್ಕೂ ಸರ್ವರು ಒಂದೊಂದು ಸಂಖ್ಯೆ ಕೊಡುತ್ತದೆ. ಈ ಸಂಖ್ಯೆಯ ಮೇಲೆಯೇ ನಾನು ಹೇಳಬೇಕಾದದ್ದೆಲ್ಲ ನಿಂತಿದೆ.

ಓದುಗನ ಯಂತ್ರದಲ್ಲಿ ನ್ಯೂಸ್‌ಆರ್‌ಸಿ ಎಂಬ ಹೆಸರಿನ ಸಣ್ಣದೊಂದು ಕಡತ ಇರುತ್ತದೆ. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಗುಟ್ಟೇನೂ ಇಲ್ಲ. ಒಂದು ಸಾಲಿಗೆ ಒಂದು ಗುಂಪಿನ ಹೆಸರು. ಚಂದಾದಾರನಾಗಿದ್ದರೆ ಹೆಸರಿನ ಕೊನೆಗೆ ಎರಡು ಚುಕ್ಕಿ, ಬಿಟ್ಟಿದ್ದರೆ ಆಶ್ಚರ್ಯಸೂಚಕ ಚಿಹ್ನೆ. ಆಮೇಲೆ ಓದಿ ಮುಗಿಸಿದ ಬರಹಗಳ ಸಂಖ್ಯೆಗಳು. 1-1420, 1425 ಎಂದು ಅಲ್ಲಿ ಬರೆದಿದ್ದರೆ ನಾನು 1420ರ ತನಕ ಎಲ್ಲವನ್ನೂ ಓದಿದ್ದೇನೆ, ಬಳಿಕ 1425ನ್ನು ಮಾತ್ರ ಓದಿದ್ದೇನೆ, ನಡುವಿನ ನಾಲ್ಕು ಬಾಕಿ ಎಂದರ್ಥ. ನಾಳೆ ಬೆಳಿಗ್ಗೆ ತೆರೆದಾಗ ತಂತ್ರಾಂಶವು 1421ರ ಮುಂದೆ ನನ್ನನ್ನು ತಂದು ನಿಲ್ಲಿಸುತ್ತದೆ. ಯಾವುದನ್ನು ಓದಿದೆ, ಯಾವುದು ಬಾಕಿ ಎಂಬ ಲೆಕ್ಕ ನನ್ನ ಮನೆಯಲ್ಲಿ, ನನ್ನ ಕೈಗೆ ಸಿಗುವ ಕಡತದಲ್ಲಿ, ನಾನು ತಿದ್ದಬಹುದಾದ ಅಂಕಿಗಳಲ್ಲಿ ಇದೆ. ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಕೆಳಗೆ ತಳ್ಳಬೇಕು ಎಂದು ದೂರದ ಕಂಪನಿಯೊಂದು ನಿರ್ಧರಿಸುವ ಇಂದಿನ ಪಟ್ಟಿಗಳಿಗೂ ಇದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸರಳ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಈಗ ಕೀಲಿಗಳ ಮಾತು. 1984ರಲ್ಲಿ ಲ್ಯಾರಿ ವಾಲ್ ಬರೆದ ಆರ್‌ಎನ್ ಎಂಬ ಓದುಗ ತಂತ್ರಾಂಶದಲ್ಲಿ (ಮುಂದೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರು ಇವರೇ) ಸಣ್ಣಕ್ಷರದ ಎನ್ ಒತ್ತಿದರೆ ಮುಂದಿನ ಓದದ ಬರಹ, ದೊಡ್ಡಕ್ಷರದ ಎನ್ ಒತ್ತಿದರೆ ಓದಿದ್ದಾಗಲಿ ಓದದ್ದಾಗಲಿ ಮುಂದಿನ ಬರಹ. ಸಣ್ಣ ಪಿ ಒತ್ತಿದರೆ ಹಿಂದಿನ ಓದದ ಬರಹ, ದೊಡ್ಡ ಪಿ ಒತ್ತಿದರೆ ಯಾವುದೇ ಇರಲಿ ಹಿಂದಿನದು. ಇಷ್ಟು ಕಲಿತರೆ ಅರ್ಧ ಕಲಿತಂತೆ. ಸಣ್ಣಕ್ಷರ ಬಾಕಿಯನ್ನು ಹುಡುಕುತ್ತದೆ, ದೊಡ್ಡಕ್ಷರ ಸಾಲಾಗಿ ನಡೆಯುತ್ತದೆ ಎಂಬ ಈ ವಿಂಗಡಣೆಯ ಚಂದವನ್ನು ನಾನು ಎಷ್ಟು ಸಲ ಮೆಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಬರಹ ಮುಗಿದ ಕೂಡಲೇ ಪರದೆಯ ಅಡಿಯಲ್ಲಿ ಒಂದು ಸಾಲು ಬರುತ್ತದೆ: 1427ರ ಪೈಕಿ 1421ನೆಯ ಬರಹ ಮುಗಿಯಿತು, ಮುಂದೇನು? ಪಕ್ಕದಲ್ಲಿ ಚೌಕ ಆವರಣದೊಳಗೆ ಎನ್, ಪಿ, ಕ್ಯು ಎಂಬ ಮೂರು ಅಕ್ಷರ. ಆಗ ಸ್ಪೇಸ್ ಕೀಲಿ ಒತ್ತಿದರೆ ಮೂರರಲ್ಲಿ ಮೊದಲನೆಯದನ್ನು ಒತ್ತಿದಂತೆ. ಪುಟ ಮುಂದಕ್ಕೆ ಹೋಗುವುದೂ ಅದೇ ಕೀಲಿಯಿಂದ. ಹೀಗಾಗಿ ಹೆಬ್ಬೆರಳೊಂದರಿಂದಲೇ ಇಡೀ ಗುಂಪನ್ನು ಕೊನೆಯ ತನಕ ಓದಿ ಮುಗಿಸಬಹುದು. ನಾನು ಹಾಗೆ ಎಷ್ಟೋ ರಾತ್ರಿ ಓದಿದ್ದೇನೆ.

ಆಮೇಲೆ ನಾನು ಬಳಸಿದ ಟಿನ್ ಎಂಬ ತಂತ್ರಾಂಶದ ರೀತಿ ಸ್ವಲ್ಪ ಬೇರೆ. ಅಲ್ಲಿ ಮೊದಲು ಗುಂಪುಗಳ ಪಟ್ಟಿ, ಒಂದನ್ನು ತೆರೆದರೆ ಅದರೊಳಗಿನ ಚರ್ಚೆಗಳ ಪಟ್ಟಿ, ಚರ್ಚೆಯನ್ನು ತೆರೆದರೆ ಅದರೊಳಗಿನ ಬರಹಗಳು, ಕೊನೆಗೆ ಬರಹ. ಬಲಬಾಣದ ಕೀಲಿ ಒಳಕ್ಕೆ ಒಯ್ಯುತ್ತದೆ, ಎಡಬಾಣ ಹೊರಕ್ಕೆ ತರುತ್ತದೆ, ಕ್ಯು ಒತ್ತಿದರೂ ಒಂದು ಮೆಟ್ಟಿಲು ಹಿಂದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗುಲಿ, ನಡುಮನೆ, ಒಳಮನೆ ಎಂದು ಸಾಗುವಂತೆಯೇ ಇದು. ಎಲ್ಲಿ ನಿಂತಿದ್ದೇವೆ ಎಂಬುದು ಗೊತ್ತಿದ್ದವನಿಗೆ ಕತ್ತಲಲ್ಲೂ ಕಾಲು ತಪ್ಪುವುದಿಲ್ಲ. ಟ್ಯಾಬ್ ಕೀಲಿ ಮಾತ್ರ ಈ ಮೆಟ್ಟಿಲುಗಳನ್ನೆಲ್ಲ ಒಂದೇ ಹೆಜ್ಜೆಯಲ್ಲಿ ದಾಟಿ ಮುಂದಿನ ಓದದ ಬರಹಕ್ಕೆ ಹೋಗುತ್ತದೆ. ಸರ್ವರು ಪಟ್ಟಿಗಾಗಿ ಕಳಿಸುವುದು ಬರಹದ ಸಂಖ್ಯೆ, ವಿಷಯ, ಬರೆದವರ ಹೆಸರು, ದಿನಾಂಕ, ಅದು ಯಾವ ಬರಹಕ್ಕೆ ಉತ್ತರ ಎಂಬ ಗುರುತು, ಗಾತ್ರ, ಸಾಲುಗಳ ಸಂಖ್ಯೆ ಇಂಥ ಸಣ್ಣ ವಿವರಗಳನ್ನಷ್ಟೇ. ಬರಹದ ಒಡಲನ್ನು ನಾವು ತೆರೆದಾಗ ಮಾತ್ರ ಕಳಿಸುತ್ತದೆ. ದೇವಿಮನೆ ಘಟ್ಟದ ಆಚೀಚೆ ಮಳೆಗಾಲದಲ್ಲಿ ಬದುಕುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ನಾನು 2009ರಲ್ಲಿ ಊರಿಗೆ ಮರಳಿದ ಮೇಲೆ ಆಷಾಢದ ಗಾಳಿಮಳೆಗೆ ತಂತಿ ಅರ್ಧ ಜೀವವಾಗಿ, ಯಾವ ವೆಬ್ ಪುಟವೂ ತೆರೆಯದ ದಿನಗಳಲ್ಲಿ ಸಹ ಈ ಪಟ್ಟಿ ತೆರೆದಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ಕಲಿಸುವವರು ಇದನ್ನು ಬಿಟ್ಟರೆ ಮಕ್ಕಳು ಅಳುತ್ತಾರೆ. ಒಂದು ತಂತ್ರಾಂಶದ ಕೀಲಿ ಇನ್ನೊಂದರಲ್ಲಿ ಅದೇ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ಮಟ್ಟ್ ಎಂಬ ಇಮೇಲ್ ಅಂಚೆ ಓದುವ ತಂತ್ರಾಂಶದಲ್ಲಿ ಜೆ ಕೆಳಗಿನ ಸಾಲಿಗೆ, ಕೆ ಮೇಲಿನ ಸಾಲಿಗೆ. ವರ್ಷಗಟ್ಟಲೆ ಅದನ್ನೇ ಬಳಸಿ ಬೆರಳಿಗೆ ಅಭ್ಯಾಸವಾಗಿದ್ದ ನಾನು ಒಂದು ಸಂಜೆ ಆರ್‌ಎನ್ ವಂಶದ ಓದುಗವೊಂದನ್ನು ತೆರೆದು, ಮೇಲಿನ ಸಾಲಿಗೆ ಹೋಗೋಣವೆಂದು ಕೆ ಒತ್ತಿದೆ. ಆ ವಂಶದಲ್ಲಿ ಕೆ ಎಂದರೆ ಈ ವಿಷಯದ ಬರಹಗಳು ನನಗೆ ಬೇಡ, ಎಲ್ಲವನ್ನೂ ಓದಿದಂತೆ ಗುರುತುಮಾಡು ಎಂದರ್ಥ. ವಾರದಿಂದ ಕಾದಿಟ್ಟಿದ್ದ ಒಂದು ಚರ್ಚೆಯ ಮೂವತ್ತಕ್ಕೂ ಹೆಚ್ಚು ಉತ್ತರಗಳು ಕಣ್ಣೆದುರಿಗೇ ಪಟ್ಟಿಯಿಂದ ಹೋದವು. ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಯೋಚಿಸಿದಾಗ ನ್ಯೂಸ್‌ಆರ್‌ಸಿ ನೆನಪಾಯಿತು. ತಂತ್ರಾಂಶದಿಂದ ಹೊರಗೆ ಬಂದು (ಅದು ನಡೆಯುತ್ತಿರುವಾಗಲೇ ಕಡತ ತಿದ್ದಿದರೆ ಪ್ರಯೋಜನವಿಲ್ಲ, ಹೊರಡುವಾಗ ಅದು ತನ್ನ ಲೆಕ್ಕವನ್ನೇ ಮೇಲೆ ಬರೆದುಬಿಡುತ್ತದೆ) ಆ ಕಡತ ತೆರೆದೆ. ಬೆಳಿಗ್ಗೆ ಒಂದೇ ಸಂಖ್ಯೆಯಲ್ಲಿ ಮುಗಿಯುತ್ತಿದ್ದ ಸಾಲು ಈಗ ಬಿಡಿ ಸಂಖ್ಯೆಗಳ ಬಾಲ ಬೆಳೆಸಿಕೊಂಡಿತ್ತು. ಬಾಲವನ್ನು ಅಳಿಸಿ ಕಡತವನ್ನು ಸೇವ್ ಮಾಡಿದೆ. ಮತ್ತೆ ತೆರೆದಾಗ ಆ ಎಲ್ಲ ಬರಹಗಳೂ ಇದ್ದಲ್ಲೇ ಇದ್ದವು. ತಪ್ಪು ಕೀಲಿ ಒತ್ತಿದವನು ತಾನೇ ಸರಿಮಾಡಿಕೊಳ್ಳಲು ಸಾಧ್ಯವಿರುವ ಉಪಕರಣದಲ್ಲಿ ಮಕ್ಕಳು ಧೈರ್ಯವಾಗಿ ಕಲಿಯುತ್ತಾರೆಂದು ಅಂದಿನಿಂದ ನಾನು ನಂಬಿದ್ದೇನೆ.

ಆದರೂ ಆ ಕೆ ಕೀಲಿಯನ್ನು ನಾನು ದೂರುವುದಿಲ್ಲ. ಸಂದೇಶಗಳ ಪಟ್ಟಿಯಲ್ಲಿ ಬೇಡದ ಎಳೆಯನ್ನು (ಒಂದೇ ವಿಷಯದ ಸಂದೇಶ ಮತ್ತು ಉತ್ತರಗಳ ಸರಣಿಯನ್ನು) ಇಡಿಯಾಗಿ ಬದಿಗಿಡುವುದು, ಬೇಕಾದ ಎಳೆಯನ್ನು ಹಿಡಿದು ಕೊನೆಯ ತನಕ ಹೋಗುವುದು, ಇವೆರಡೇ ಓದುವವನ ಮುಖ್ಯ ಕೆಲಸ. ಆರ್‌ಎನ್‌ನಲ್ಲಿ ಕಂಟ್ರೋಲ್ ಹಿಡಿದು ಎನ್ ಒತ್ತಿದರೆ ಅದೇ ವಿಷಯದ ಮುಂದಿನ ಓದದ ಬರಹಕ್ಕೆ ಹೋಗುತ್ತದೆ, ನಡುವಿನ ಬೇರೆ ಮಾತುಗಳನ್ನೆಲ್ಲ ದಾಟಿಕೊಂಡು. ಶಿರಸಿಯ ಅಡಿಕೆ ವ್ಯಾಪಾರದ ಅಂಗಳದಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು ಎಂದು ಲಾಟುಗಳು ಸಾಲುಸಾಲಾಗಿ ಬಿದ್ದಿರುವಾಗ ರಾಶಿ ಖರೀದಿಸಲು ಬಂದವರು ಚಾಲಿಯ ಪ್ರತಿಯೊಂದು ಲಾಟಿನ ಮುಂದೂ ನಿಲ್ಲುವುದಿಲ್ಲ. ಆದರೆ ರಾಶಿಯ ಒಂದು ಲಾಟನ್ನೂ ಬಿಡುವುದಿಲ್ಲ. ಕಂಟ್ರೋಲ್ ಎನ್ ಅಂಥದೇ ನಡಿಗೆ. ಮಟ್ಟ್‌ನಲ್ಲಿ ಕಂಟ್ರೋಲ್ ಎನ್ ಮುಂದಿನ ಎಳೆಯ ತಲೆಗೆ, ಕಂಟ್ರೋಲ್ ಪಿ ಹಿಂದಿನ ಎಳೆಗೆ, ಟ್ಯಾಬ್ ಮುಂದಿನ ಹೊಸ ಸಂದೇಶಕ್ಕೆ ಒಯ್ಯುತ್ತವೆ. ಎಸ್ಕೇಪ್ ಒತ್ತಿ ಸಣ್ಣ ವಿ ಒತ್ತಿದರೆ ಒಂದು ಎಳೆಯ ಸಂದೇಶಗಳೆಲ್ಲ ಒಂದೇ ಸಾಲಿನೊಳಗೆ ಮಡಚಿಕೊಳ್ಳುತ್ತವೆ.

ಇದೆಲ್ಲ ಹಳೆಯದಾಯಿತಲ್ಲ ಎಂಬ ಲೇಖಕರ ಮಾತಿಗೆ ಈಗ ಬರುತ್ತೇನೆ. ಜೆ ಕೆಳಕ್ಕೆ, ಕೆ ಮೇಲಕ್ಕೆ ಎಂಬ ರೂಢಿ 1970ರ ದಶಕದ ಎಡಿಎಂ-3ಎ ಎಂಬ ಟರ್ಮಿನಲ್ಲಿನದು, ಅಂದರೆ ಬೇರೆ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಪರದೆ ಮತ್ತು ಕೀಲಿಮಣೆಯದು. ಅದರಲ್ಲಿ ಬಾಣಗಳಿಗೆ ಬೇರೆ ಕೀಲಿ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತು ಮುದ್ರಿಸಿದ್ದರು. ಬಿಲ್ ಜಾಯ್ ಎಂಬ ತಂತ್ರಾಂಶಕಾರರು ಅಂಥ ಯಂತ್ರದ ಮುಂದೆ ಕುಳಿತು ವಿಐ ಎಂಬ ಪಠ್ಯ ಸಂಪಾದಕವನ್ನು ಬರೆದಾಗ ಅದೇ ಕೀಲಿಗಳನ್ನು ಇಟ್ಟುಕೊಂಡರು. ಆ ಟರ್ಮಿನಲ್ ಈಗ ಯಾರ ಮನೆಯಲ್ಲೂ ಇಲ್ಲ. ಆದರೆ ತಮ್ಮ ಓದುಗರಲ್ಲಿ ಬಹುಮಂದಿ ಬಳಸುವ ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ಶಾರ್ಟ್‌ಕಟ್‌ಗಳನ್ನು ಚಾಲೂ ಮಾಡಿ ಜೆ ಒತ್ತಿ ನೋಡಿದರೆ ಕೆಳಗಿನ ಪತ್ರಕ್ಕೆ ಹೋಗುತ್ತದೆ, ಕೆ ಒತ್ತಿದರೆ ಮೇಲಿನದಕ್ಕೆ. ಯು ಒತ್ತಿದರೆ ಮತ್ತೆ ಪಟ್ಟಿಗೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಎಲ್ಲ ಆಜ್ಞೆಗಳ ಯಾದಿಯೇ ಎದುರಿಗೆ ಬರುತ್ತದೆ. ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಎನ್ ಇಂದಿಗೂ ಮುಂದಿನ ಓದದ ಪತ್ರಕ್ಕೆ, ಪಿ ಹಿಂದಿನ ಓದದ ಪತ್ರಕ್ಕೆ, ಟಿ ಮುಂದಿನ ಓದದ ಎಳೆಗೆ. ಸುದ್ದಿಗುಂಪುಗಳನ್ನೂ ಅದರಲ್ಲೇ ಓದಬಹುದು. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಬರಹಗಳನ್ನು ತೋರಿಸುವುದನ್ನು ನಿಲ್ಲಿಸಿತೆಂಬುದು ನಿಜ. ಯೂಸ್‌ನೆಟ್ ನಿಂತಿಲ್ಲ; ಬರಹ ಮಾತ್ರ ಇರುವ ಗುಂಪುಗಳನ್ನು ಉಚಿತವಾಗಿ ಒದಗಿಸುವ ಸರ್ವರುಗಳು ಈಗಲೂ ಇವೆ, ನಾನು ಇಂದು ಬೆಳಿಗ್ಗೆಯೂ ಅಂಥದೊಂದರಲ್ಲಿ ಓದಿದೆ.

ನನ್ನ ತಂಗಿಯ ಮಗನ ವಿಷಯ ಹೇಳದೆ ಈ ಪತ್ರ ಪೂರ್ತಿಯಾಗದು. ಅವನು ಅಂಕೋಲೆಯಲ್ಲಿರುತ್ತಾನೆ, ಹದಿನೈದರ ವಯಸ್ಸಿನಲ್ಲಿ ಕಾಯಿಲೆಯಿಂದ ದೃಷ್ಟಿ ಹೋಯಿತು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಅವನಿಗೆ ಓದಿ ಹೇಳುತ್ತದೆ. ಅವನ ಕಂಪ್ಯೂಟರಿಗೆ ಮೌಸ್ ಇದೆ, ಮೇಜಿನ ಅಂಚಿನಲ್ಲಿ ಅದರ ಪಾಡಿಗೆ ಬಿದ್ದಿದೆ. ಬಾಣದ ಗುರುತು ಎಲ್ಲಿದೆಯೆಂದು ಕಾಣದವನಿಗೆ ಅದರಿಂದ ಏನು ಪ್ರಯೋಜನ? ಮಟ್ಟ್‌ನಲ್ಲಿ ಕುರುಡರಿಗೆಂದೇ ಒಂದು ಆಯ್ಕೆ ಇದೆ. ಬ್ರೈಲ್ ಫ್ರೆಂಡ್ಲಿ ಎಂದು ಅದರ ಹೆಸರು. ಅದನ್ನು ಚಾಲೂ ಮಾಡಿದರೆ ಪಟ್ಟಿಯಲ್ಲಿ ನಾವಿರುವ ಸಾಲಿನ ಮೊದಲಲ್ಲೇ ಕರ್ಸರ್ ನಿಲ್ಲುತ್ತದೆ, ಹಾಗಾಗಿ ಬ್ರೈಲ್ ಸಲಕರಣೆಯೂ ಓದಿ ಹೇಳುವ ದನಿಯೂ ಆ ಸಾಲನ್ನೇ ಹಿಡಿಯುತ್ತವೆ. ಬಣ್ಣದ ಪಟ್ಟಿಯ ಬದಲು ಸಾಲಿನ ಮುಂದೆ ಬಾಣದ ಗುರುತನ್ನಷ್ಟೇ ತೋರಿಸುವ ಇನ್ನೊಂದು ಆಯ್ಕೆಯೂ ಉಂಟು. ನಿಧಾನದ ತಂತಿಯ ಮೇಲೆ ಅದರಿಂದ ಅನುಕೂಲ, ಏಕೆಂದರೆ ಇಡೀ ಸಾಲನ್ನು ಮತ್ತೆ ಬರೆಯಬೇಕಾಗುವುದಿಲ್ಲ.

ಹೋದ ವರ್ಷ ದೀಪಾವಳಿಗೆ ಅವನು ಬಂದಾಗ ಒಂದು ಮಧ್ಯಾಹ್ನ ಅವನ ಪಕ್ಕದಲ್ಲಿ ಕುಳಿತು ಈ ಆಯ್ಕೆಗಳನ್ನು ಹಾಕಿಕೊಟ್ಟೆ. ಟ್ಯಾಬ್ ಒತ್ತಿದ, ಓದದ ಮೊದಲ ಸಂದೇಶದ ಸಾಲನ್ನು ದನಿ ಓದಿತು. ಮತ್ತೆ ಟ್ಯಾಬ್, ಮತ್ತೊಂದು ಸಾಲು. ಸ್ವಲ್ಪ ಹೊತ್ತಿಗೆ ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈಯ ಎರಡೇ ಬೆರಳುಗಳಲ್ಲಿ ಮೇಲೆ ಕೆಳಗೆ ಓಡಾಡತೊಡಗಿದ, ಒಂದು ಎಳೆಯ ನಡುವೆ ನಿಲ್ಲಿಸಿ ಹಿಂದಿನ ಸಂದೇಶಕ್ಕೆ ಹೋಗಿ ಯಾರು ಯಾರಿಗೆ ಉತ್ತರಿಸಿದರೆಂದು ಕೇಳಿಕೊಂಡು ಮತ್ತೆ ಮುಂದೆ ಬಂದ. ಆಮೇಲೆ ನನ್ನ ಕಡೆ ತಿರುಗಿ, ‘ಮಾವಾ, ಈಗ ಆನು ಎಲ್ಲಿದ್ದಿ ಹೇಳಿ ಗೊತ್ತಾಗ್ತು’ ಎಂದ. ನೂರೆಂಟು ವೆಬ್ ಪುಟಗಳಲ್ಲಿ ತಡಕಾಡಿ ದಣಿದವನ ಬಾಯಿಂದ ಬಂದ ಮಾತು ಅದು. ಪಟ್ಟಿಯಲ್ಲಿ ತಾನು ಎಷ್ಟನೆಯ ಸಾಲಿನಲ್ಲಿದ್ದೇನೆ, ಹಿಂದೆ ಏನು ಬಿಟ್ಟೆ, ಮುಂದೆ ಏನು ಬಾಕಿ ಎಂಬುದು ತಿಳಿದಿರುವುದೇ ಅವನಿಗೆ ಕಣ್ಣು.

ಇನ್ನು ಕನ್ನಡಿಗರಾದ ನಮಗಷ್ಟೇ ಎದುರಾಗುವ ಒಂದು ತೊಡಕನ್ನು ಬಲ್ಲವರ ಗಮನಕ್ಕೆ ತರಬೇಕಾಗಿದೆ. ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿಕೊಂಡು ಉತ್ತರ ಬರೆದು ಕಳಿಸಿ ಪಟ್ಟಿಗೆ ಮರಳಿದಾಗ, ಅದನ್ನು ಇಂಗ್ಲಿಷಿಗೆ ತಿರುಗಿಸಲು ಮರೆತಿದ್ದರೆ, ಯಾವ ಆಜ್ಞೆಯೂ ನಡೆಯುವುದಿಲ್ಲ. ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಎನ್ ಕೀಲಿ ‘ನ’ ಕಳಿಸುತ್ತದೆ, ಜೆ ಕೀಲಿ ‘ಜ’ ಕಳಿಸುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎನ್ ಕೀಲಿಗೆ ‘ಲ’, ಜೆ ಕೀಲಿಗೆ ‘ರ’. ತಂತ್ರಾಂಶಕ್ಕೆ ‘ನ’ ಎಂದರೆ ಏನೆಂದು ಗೊತ್ತಿಲ್ಲ, ಸುಮ್ಮನಿರುತ್ತದೆ. ಹೊಸದಾಗಿ ಕಲಿಯುವವರು ಯಂತ್ರವೇ ಕೆಟ್ಟಿತೆಂದು ಎದ್ದುಹೋಗುವುದನ್ನು ಕಂಡಿದ್ದೇನೆ. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಸ್ಕ್ರೋಲ್ ಲಾಕ್ ಕೀಲಿಯಿಂದ ಭಾಷೆ ಬದಲಿಸುವುದು ರೂಢಿ, ಆದರೆ ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇರುವುದಿಲ್ಲ. ಆದುದರಿಂದ ಕನ್ನಡ ಬಲ್ಲ ಮಕ್ಕಳಿಗೆ ಕಲಿಸುವಾಗ ಟ್ಯಾಬ್, ಸ್ಪೇಸ್, ಎಂಟರ್ ಮತ್ತು ಬಾಣದ ಕೀಲಿಗಳಿಂದ ಶುರುಮಾಡುವುದು ಒಳ್ಳೆಯದೆಂದು ನನ್ನ ಅನುಭವ. ಯಾವ ಭಾಷೆ ಚಾಲ್ತಿಯಲ್ಲಿದ್ದರೂ ಇವು ಬದಲಾಗುವುದಿಲ್ಲ. ಅಕ್ಷರದ ಆಜ್ಞೆಗಳು ಆಮೇಲೆ ಬರಲಿ. ತಂತ್ರಾಂಶ ಬರೆಯುವವರು ಮನಸ್ಸು ಮಾಡಿದರೆ ‘ನ’ ಬಂದಾಗಲೂ ಎನ್ ಎಂದೇ ತಿಳಿದು ನಡೆಯುವಂತೆ ಮಾಡಬಹುದು. ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ಬೇರೆ ಭಾಷೆಯ ಅಕ್ಷರಗಳನ್ನು ಆಜ್ಞೆಗಳಿಗೆ ಹೊಂದಿಸುವ ಏರ್ಪಾಡು ಈಗಾಗಲೇ ಇದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ಇಂಥ ಕೆಲಸವನ್ನು ಎತ್ತಿಕೊಂಡರೆ ಎಷ್ಟು ಜನರಿಗೆ ಉಪಕಾರವಾದೀತು!

ಪಟ್ಟಿಯಲ್ಲಿ ಕನ್ನಡ ಕಾಣುವ ಬಗೆಯೂ ಇನ್ನೂ ಸರಿಹೋಗಿಲ್ಲ. ವಿಷಯದ ಸಾಲಿನಲ್ಲಿ ‘ಅಡಿಕೆ’ ಎಂದು ಬರೆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಅದು ಐದು ಘಟಕ, ಅವನ್ನು ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು ಬೈಟು, ಅಂಚೆಯ ತಲೆಬರಹಕ್ಕೆ ಹೊಂದುವಂತೆ ಬೇಸ್-64 ಎಂಬ ಸಂಕೇತಕ್ರಮದಲ್ಲಿ ಬರೆದಾಗ ಇಪ್ಪತ್ತು ಇಂಗ್ಲಿಷ್ ಅಕ್ಷರ. ಹಳೆಯ ಓದುಗ ತಂತ್ರಾಂಶ ಇದನ್ನು ಬಿಡಿಸಿ ಓದಲಾರದೆ ಆ ಇಪ್ಪತ್ತು ಅಕ್ಷರಗಳನ್ನೇ ಹಾಗೆಯೇ ತೋರಿಸುತ್ತದೆ. ಓರೆಗೀಟು ಒತ್ತಿ ‘ಅಡಿಕೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಬಿಡಿಸಿ ಓದುವ ಹೊಸ ತಂತ್ರಾಂಶದಲ್ಲೂ, ಅಕ್ಷರಕ್ಕೊಂದು ಮನೆಯೆಂದು ಸಮನಾಗಿ ಹೆಣೆದ ಟರ್ಮಿನಲ್ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಅನೇಕ ಕಡೆ ಮುರಿದು ಬೀಳುತ್ತವೆ, ಮುಂದಿನ ಅಂಕಣ ಓರೆಯಾಗುತ್ತದೆ. ಇದು ಸರಿಹೋಗುವ ತನಕ ಅಕ್ಷರ ಪರದೆಯಲ್ಲಿ ಕನ್ನಡ ಓದುವುದು ಸುಖವೆಂದು ನಾನು ಹೇಳಲಾರೆ. ಥಂಡರ್‌ಬರ್ಡ್‌ನಂಥ ಚಿತ್ರಪರದೆಯ ತಂತ್ರಾಂಶದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಎನ್ ಮತ್ತು ಪಿ ಅಲ್ಲಿಯೂ ಇವೆ.

ಕುಮಟಾ ಕಡೆಯ ಒಂದು ಪ್ರೌಢಶಾಲೆಗೆ ಈಚೆಗೆ ಹೋಗಿದ್ದೆ. ಹೆಸರು ಇಲ್ಲಿ ಬೇಡ. ಪ್ರಯೋಗಾಲಯದಲ್ಲಿ ಎಂಟು ಕಂಪ್ಯೂಟರ್ ಇದ್ದವು, ಮೂರರ ಮೇಲೆ ಬಟ್ಟೆ ಹೊದೆಸಿತ್ತು. ಕೆಟ್ಟಿವೆಯೇ ಎಂದು ಕೇಳಿದೆ. ಮೌಸ್ ಹೋಗಿದೆ, ಹೊಸದು ಬರುವ ತನಕ ಮುಟ್ಟುವಂತಿಲ್ಲ ಎಂದು ಉತ್ತರ ಬಂತು. ಬಟ್ಟೆ ಸರಿಸಿ ಒಂದನ್ನು ಚಾಲೂ ಮಾಡಿ, ಟ್ಯಾಬ್ ಮತ್ತು ಬಾಣದ ಕೀಲಿಗಳಿಂದಲೇ ಅಂಚೆಯ ಪಟ್ಟಿಯನ್ನು ತೆರೆದು ಒಂದೊಂದಾಗಿ ಸಂದೇಶ ಓದಿ ತೋರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ನಿಮಿಷದಲ್ಲಿ ಕಲಿತು ಪಕ್ಕದವಳಿಗೆ ಹೇಳಿಕೊಡತೊಡಗಿದಳು. ಗುರುಗಳೂ ಸಂತೋಷಪಟ್ಟರು. ಅವರದೇನೂ ತಪ್ಪಿಲ್ಲ, ಅವರಿಗೆ ಕೊಟ್ಟ ತರಬೇತಿಯಲ್ಲೇ ಇದು ಇರಲಿಲ್ಲ. ಶಿಕ್ಷಣ ಇಲಾಖೆಯವರು ಶಿಕ್ಷಕರ ತರಬೇತಿಯಲ್ಲಿ ಕೀಲಿಮಣೆಯಿಂದಲೇ ಪಟ್ಟಿ ಓದುವ ಅಭ್ಯಾಸಕ್ಕೆ ಒಂದು ಅರ್ಧ ದಿನ ಮೀಸಲಿಟ್ಟರೆ ಇದು ಜಿಲ್ಲೆಯ ಪ್ರತಿ ಶಾಲೆಗೂ ಮುಟ್ಟುತ್ತದೆ.

ತಮ್ಮಲ್ಲಿಯೂ ಒಂದು ವಿನಂತಿ ಇದೆ. ತಮ್ಮ ಪತ್ರಿಕೆಯ ಜಾಲತಾಣದ ಮುಖಪುಟದಲ್ಲಿ ಸುದ್ದಿಗಳ ಶೀರ್ಷಿಕೆಗಳು ದಪ್ಪ ಅಕ್ಷರದಲ್ಲಿ ಕಾಣುತ್ತವೆಯಾದರೂ, ಒಳಗಿನ ಸಂಕೇತದಲ್ಲಿ ಅವುಗಳನ್ನು ಶೀರ್ಷಿಕೆಗಳೆಂದು ಗುರುತಿಸಿಲ್ಲ. ಎನ್‌ವಿಡಿಎ ಬಳಸುವವರು ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗಬೇಕು, ಶಿಫ್ಟ್ ಹಿಡಿದು ಎಚ್ ಒತ್ತಿದರೆ ಹಿಂದಿನದಕ್ಕೆ. ನನ್ನ ಸೋದರಳಿಯ ಎಚ್ ಒತ್ತಿದಾಗ ಮುಂದೆ ಶೀರ್ಷಿಕೆ ಇಲ್ಲ ಎಂಬ ಉತ್ತರವಷ್ಟೇ ಅವನಿಗೆ ಕೇಳಿಸಿತು. ಜಾಲತಾಣ ನೋಡಿಕೊಳ್ಳುವವರಿಗೆ ಇದು ದೊಡ್ಡ ಕೆಲಸವಲ್ಲ. ಪ್ರತಿ ಸುದ್ದಿಯ ತಲೆಬರಹಕ್ಕೆ ಶೀರ್ಷಿಕೆಯ ಗುರುತು ಹಾಕುವ ಒಂದು ಬದಲಾವಣೆಯನ್ನು ಪುಟಗಳ ಮೂಲ ಮಾದರಿಯಲ್ಲಿ (ಟೆಂಪ್ಲೇಟಿನಲ್ಲಿ) ಒಮ್ಮೆ ಮಾಡಿದರೆ ಎಲ್ಲ ಪುಟಗಳಿಗೂ ಅನ್ವಯವಾಗುತ್ತದೆ. ಅದಾದ ದಿನ ತಿಳಿಸಿದರೆ ಅವನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಅಲ್ಲಿಯ ತನಕ ತಮ್ಮ ಪತ್ರಿಕೆಯ ಮೊದಲ ಪುಟವನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಅವನ ತಾಯಿ ಅವನಿಗೆ ಓದಿ ಹೇಳುತ್ತಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನೌಕರ ಮತ್ತು ಕೃಷಿಕ
ಶಿರಸಿ ತಾಲೂಕು, ಉತ್ತರ ಕನ್ನಡ